ಅತ್ತೆಗೆ ಮಾದರಿಯಾಗಲು ಹೊರಟವಳು

ನಮ್ಮ ಅತ್ತೆಯ ಕಣ್ಣು ಮಂಜಾಗುತ್ತಿದೆ ಅಂತ ನಮಗೆ ಗೊತ್ತಾಗಿದ್ದು, ಅವರು ಸೀರೆ ತರಲು ದಿಲ್‌ಸುಖ್‌ನಗರಕ್ಕೆ ಹೊರಟು ಬೇರೆ ಯಾವುದೋ ಬಸ್ಸು ಹತ್ತಿ, ಊರಿನ ಇನ್ನೊಂದು ತುದಿಯಲ್ಲಿ ಇಳಿದ ದಿನ. ನಂಬರು ಕಾಣಿಸಿರಲೇ ಇಲ್ಲ. ಡಾಕ್ಟರರು ಬೀದರ ಕಡೆಯವರು, ಮುಲಾಜಿಲ್ಲದೆ ಹೇಳಿದರು: "ಸಕ್ರಿ ಹಿಂಗ ಇದ್ರ ಎರಡೂ ಕಣ್ಣು ಹೋಗ್ತಾವ್ರಿ ಅಮ್ಮಾ. ದಿನಾ ನಡೀರಿ, ಸಿಹಿ ಬಿಡ್ರಿ." ಅತ್ತೆ ಹೂಂ ಅಂದರು. ಮನೆಗೆ ಬಂದವರೇ ಡಾಕ್ಟರರು ಬೈದ ದುಃಖಕ್ಕೆ ಒಂದು ಲೋಟ ಸಿಹಿ ಚಹಾ ಮಾಡಿಕೊಂಡು ಕುಡಿದರು.

ನಾನಾಗ ಹೈಟೆಕ್ ಸಿಟಿಯ ಒಂದು ಕಂಪನಿಯಲ್ಲಿ ಟೀಮ್ ಲೀಡ್. ಗಂಡನ ಕೆಲಸ ಕುಷಾಯಿಗೂಡದ ಕಾರ್ಖಾನೆಯಲ್ಲಿ, ಹಾಗಾಗಿ ಮನೆಯೂ ಅಲ್ಲೇ. ಕಂಪನಿಗಳು ಅಣಬೆಯಂತೆ ಏಳುತ್ತಿದ್ದ ಕಾಲ. ನಮಗೆಲ್ಲ ಪದೇ ಪದೇ ತರಬೇತಿ ಕೊಡುತ್ತಿದ್ದರು. ಟೈ ಕಟ್ಟಿದ ಒಬ್ಬ ಮಹಾಶಯ ಬಂದು, ಜನರಿಗೆ ಹೇಳಬೇಡಿ, ಮಾಡಿ ತೋರಿಸಿ ಅಂತ ಕಲಿಸಿ ಹೋಗಿದ್ದ. ಅದನ್ನು ಟೀಮಿನ ಮೇಲೆ ಪ್ರಯೋಗಿಸುವ ಧೈರ್ಯ ನನಗಿರಲಿಲ್ಲ. ಅತ್ತೆಯ ಮೇಲೆ ಪ್ರಯೋಗಿಸಿದೆ. ನಾನೇನು ಕಡಿಮೆ ಇದ್ದೆನೇ? ಕ್ಯಾಬಿನಲ್ಲಿ ಕೂತು, ಆಫೀಸಿನಲ್ಲಿ ಕೂತು, ಮತ್ತೆ ಕ್ಯಾಬಿನಲ್ಲಿ ಕೂತು, ನನ್ನ ಮದುವೆಯ ಕುಪ್ಪಸಗಳೆಲ್ಲ ಕಿಟಕಿ ಒರೆಸುವ ಬಟ್ಟೆಗಳಾಗಿದ್ದವು.

ಹಾಲಿನಂಥ ಬಿಳಿ ಶೂ ತಂದೆ. ಬೆಳಿಗ್ಗೆ ಅತ್ತೆ ಬಾಲ್ಕನಿಯಲ್ಲಿ ತುಳಸಿಗೆ ನೀರು ಹಾಕುವ ಹೊತ್ತಿಗೇ ಹೊರಟು, ಅವರಿಗೆ ಕಾಣುವಷ್ಟು ದೂರವೂ ಕೈ ಬೀಸಿಕೊಂಡು ಸಿಪಾಯಿಯಂತೆ ನಡೆಯುತ್ತಿದ್ದೆ. ಮೂಲೆ ತಿರುಗಿದ ಮೇಲೆ ಕೈಯೂ ಇಳಿಯುತ್ತಿತ್ತು, ಸ್ಫೂರ್ತಿಯೂ ಇಳಿಯುತ್ತಿತ್ತು. ಒಂದು ದಿನ ಮಾತ್ರ ಓಡಿದೆ. ಅದರ ಶ್ರೇಯಸ್ಸು ಕಾಲೊನಿಯ ಕರಿ ನಾಯಿಗೆ ಸಲ್ಲಬೇಕು.

ಅತ್ತೆಗೆ ಸ್ಫೂರ್ತಿ ಬಂದಿದ್ದು ನಿಜ. ಆದರೆ ಬೇರೆಯದಕ್ಕೆ. "ಅಯ್ಯ ನಮ್ಮವ್ವ, ಮಾರಿ ನೋಡ ಹೆಂಗ ಬಾಡೇತಿ! ಇಷ್ಟ ನಡದ್ರ ಸೊಂಟಾ ಉಳಿತೈತೇನ?" ಅಂದವರೇ ಅಂಟಿನ ಉಂಡಿ ಕಟ್ಟಲು ಕೂತರು. ಕೊಬ್ಬರಿ, ಉತ್ತತ್ತಿ, ಬೆಲ್ಲ, ಕೈತುಂಬ ತುಪ್ಪ. ನಮ್ಮ ಕಡೆ ಬಾಣಂತಿಗೆ ಕೊಡುವ ಉಂಡಿ ಅದು. ನಾನು ಹೆತ್ತಿದ್ದು ಬರೀ ಬೆವರು. ಬೇಡ ಅನ್ನಬೇಕು ಅಂತ ಬಾಯಿ ತೆರೆಯುತ್ತಿದ್ದೆ, ಅಷ್ಟರಲ್ಲಿ ಉಂಡಿ ಒಳಗಿರುತ್ತಿತ್ತು.

ಇನ್ನೂ ಒಂದು ಪದ್ಧತಿಯಿದೆ ನಮ್ಮಲ್ಲಿ. ಹೆಣ್ಣುಮಗಳನ್ನು ಒಬ್ಬಳೇ ತಿನ್ನಲು ಬಿಡುವುದಿಲ್ಲ. ಜೋಡಿಗೊಬ್ಬರು ಕೂತು ತಿನ್ನಬೇಕು, ಇಲ್ಲದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲವಂತೆ. ನನಗೆ ಜೋಡಿ ಯಾರು? ಅತ್ತೆ! ನಾನು ನಡೆದು ಬಂದು ಒಂದು ಉಂಡಿ ತಿಂದರೆ, ಎಲ್ಲೂ ನಡೆಯದ ಅವರೂ ಪಕ್ಕದಲ್ಲಿ ಕೂತು ಒಂದು ತಿನ್ನುತ್ತಿದ್ದರು.

ಮುಂದಿನ ತಪಾಸಣೆಯಲ್ಲಿ ಸಕ್ಕರೆ ಇನ್ನೂ ಏರಿತ್ತು. "ಮನ್ಯಾಗ ಏನ್ ನಡದದ್ರಿ?" ಅಂದರು ಡಾಕ್ಟರರು. "ಈಕಿ ವಾಕಿಂಗ್ ಹೊಂಟಾಳ್ರಿ" ಅಂದರು ಅತ್ತೆ. "ಆಕಿ ನಡದ್ರ ನಿಮ್ಮ ಸಕ್ರಿ ಯಾಕ ಏರ್ತದ?" ನಾನು ಗೋಡೆಯ ಮೇಲಿದ್ದ ಕಣ್ಣಿನ ಚಿತ್ರ ನೋಡುತ್ತ ನಿಂತೆ. ನಿಜವಾಗಿ ಹೆದರಿಕೆಯಾಗಿತ್ತು. ಇವರ ಕಣ್ಣು ಹೋದರೆ ಅದಕ್ಕೆ ನನ್ನ ಶೂಗಳೇ ಕಾರಣ ಅನ್ನಿಸಿತು.

ಮರುದಿನವೇ ಘೋಷಿಸಿದೆ: ನನಗೆ ಉಂಡಿ ಬೇಡ, ಚಹಾಕ್ಕೆ ಸಕ್ಕರೆಯೂ ಬೇಡ. ಸಪ್ಪೆ ಚಹಾದ ಮೊದಲ ಗುಟುಕಿಗೆ ನನ್ನ ಮುಖ ಹೇಗಾಯಿತೋ, ಗಂಡ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ನಗತೊಡಗಿದ. ಅತ್ತೆ ನಗಲಿಲ್ಲ. ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು, ಆಮೇಲೆ ತಮ್ಮ ಚಹಾವನ್ನೂ ಹಾಗೇ ಸಪ್ಪೆ ಸೋಸಿಕೊಂಡರು. ವಾರ ಕಳೆಯುವುದರೊಳಗೆ, "ಒಬ್ಬಾಕಿನ್ನ ಹೆಂಗ ಕಳಸೂದು, ನಾಯಿ ಅದಾವ" ಅಂತ ಚಪ್ಪಲಿ ಮೆಟ್ಟಿ ನನ್ನ ಜತೆ ನಡೆಯಲೂ ಬಂದರು. ನಾನು ಉಬ್ಬಿಹೋದೆ. ಆಫೀಸಿನ ಮೀಟಿಂಗಿನಲ್ಲಿ ನಾಯಕತ್ವಕ್ಕೆ ಉದಾಹರಣೆ ಕೇಳಿದರೆ, ನಾಚಿಕೆಯಿಲ್ಲದೆ ನನ್ನನ್ನೇ ಕೊಡುತ್ತಿದ್ದೆ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಡಾಕ್ಟರರು ಹೊಸ ರಿಪೋರ್ಟು ನೋಡಿ ಕನ್ನಡಕ ತೆಗೆದರು. "ಕಣ್ಣು ಉಳಿತಾವ್ರಿ ಅಮ್ಮಾ! ಹೆಂಗ ಮಾಡಿದ್ರಿ ಇದನ್ನ?"

ನಾನು ದುಪಟ್ಟಾ ಸರಿಮಾಡಿಕೊಂಡು, ಹೊಗಳಿಸಿಕೊಳ್ಳಲು ಬೇಕಾದ ವಿನಯವನ್ನು ಮುಖಕ್ಕೆ ತಂದುಕೊಂಡೆ.

"ಏನ್ ಮಾಡೂದ್ರಿ, ಈಕಿ ಸಲುವಾಗಿ ಬಿಟ್ಟೆ" ಅಂದರು ಅತ್ತೆ. "ಬಾಯಿ ಕಟ್ಟಾಕಿ ಅಲ್ರಿ ಈಕಿ. ನಾ ತಿಂದ್ರ ಈಕಿನೂ ತಿಂತಾಳ. ಈಕಿ ಅವ್ವ ಇದ ಬ್ಯಾನ್ಯಾಗ ಹೋದ್ಲು. ನನ್ನ ಕಣ್ಣು ಹೋದ್ರ ಕೈ ಹಿಡದು ನಡಸಾಕ ಈಕಿ ಅದಾಳ. ನಾಳೆ ಈಕಿ ಕಣ್ಣು ಹೋದ್ರ ಯಾರ ಅದಾರ್ರಿ? ನಾ ಎಷ್ಟ ದಿನ ಇರಾಕಿ?"

ಡಾಕ್ಟರರು ನನ್ನ ಕಡೆ ತಿರುಗಿದರು. "ನೀವು ಟೆಸ್ಟ್ ಮಾಡ್ಸೀರೇನ್ರಿ?"

ಮಾಡಿಸಿರಲಿಲ್ಲ. ಅತ್ತೆಯ ಸಕ್ಕರೆಗೆ ಆಫೀಸಿನ ಕಂಪ್ಯೂಟರಿನಲ್ಲಿ ಬಣ್ಣದ ಗ್ರಾಫ್ ಬರೆದಿಟ್ಟಿದ್ದ ಈ ಮಹಾತಾಯಿಗೆ ತನ್ನ ರಕ್ತದಲ್ಲಿ ಏನಿದೆ ಅಂತ ನೋಡುವ ಧೈರ್ಯವಿರಲಿಲ್ಲ. ಅಮ್ಮ ಹೋದಂದಿನಿಂದ ನನಗೆ ಆ ಟೆಸ್ಟಿನ ಹೆಸರು ಕೇಳಿದರೇ ಹೆದರಿಕೆಯಾಗುತ್ತಿತ್ತು, ಯಾರಿಗೂ ಹೇಳಿರಲಿಲ್ಲ.

"ಈಗ ತಗೊಳ್ರಿ ರಕ್ತ" ಅಂದರು ಅತ್ತೆ. "ಹಸದ ಹೊಟ್ಟಿಲೆ ಅದಾಳ. ಹಾಲು ಒಡದೈತಿ ಅಂತ ಸುಳ್ಳ ಹೇಳಿ ಮುಂಜಾನಿಂದ ಚಾ ಸುದ್ದಾ ಕೊಟ್ಟಿಲ್ಲ."

ನನಗೆ ನಗು, ಅಳು ಒಟ್ಟಿಗೇ ಬಂದವು. ಅಮ್ಮ ಹೋದ ಮೇಲೆ ನನಗಾಗಿ ಇಷ್ಟು ಹೆದರಿದವರು ಇನ್ನೊಬ್ಬರಿರಲಿಲ್ಲ. ಕುರ್ಚಿಯಲ್ಲಿ ಕೂತು ತೋಳು ಚಾಚಿ, ಸೂಜಿ ಕಂಡದ್ದೇ ಕಣ್ಣು ಮುಚ್ಚಿದೆ. ಅತ್ತೆ ನನ್ನ ಇನ್ನೊಂದು ಕೈ ಗಟ್ಟಿಯಾಗಿ ಹಿಡಿದುಕೊಂಡು, ಸೂಜಿ ಹೊರಬರುವವರೆಗೂ ಅದನ್ನೇ ನೋಡುತ್ತ ನಿಂತರು.