ಕಾಣೆಯಾದವರ ಸುದ್ದಿಗೆ ನಾನು ಸೇರಿಸಿದ ಸಾಲು

ದೊಡ್ಡಬಳ್ಳಾಪುರದ ಕೇಬಲ್ ಚಾನೆಲ್ಲಿನಲ್ಲಿ ಸಂಜೆ ಏಳು ಗಂಟೆಗೆ ಬರುತ್ತಿದ್ದ ಮುಖ ನನ್ನದು. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ನಲವತ್ತು ದಾಟಿದ ಯಾರನ್ನಾದರೂ ಕೇಳಿ, "ಓ, ಆ ಕಾಣೆಯಾದವರ ಮೇಷ್ಟ್ರಾ?" ಎನ್ನುತ್ತಾರೆ. ನಾನು ಮೇಷ್ಟ್ರಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಮಗ್ಗದ ಶೆಡ್ಡಿಗೆ ಸೇರಿದವನು. ಮಗ್ಗಗಳ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಗಟ್ಟಿಯಾಗಿತ್ತು. ಬಿಡುವಿದ್ದಾಗ ಆಟೋಗೆ ಮೈಕು ಕಟ್ಟಿಕೊಂಡು ಸಿನಿಮಾ, ಚುನಾವಣೆ, ಕಣ್ಣಿನ ತಪಾಸಣೆ ಶಿಬಿರ ಎಂದು ಬೀದಿ ಬೀದಿ ಸಾರುತ್ತಿದ್ದೆ. ಅದನ್ನು ಕೇಳಿಯೇ ಕೇಬಲ್ ಮಾಲೀಕರು ನನ್ನನ್ನು ಕರೆದದ್ದು.

ಚಾನೆಲ್ ಎಂದರೆ ಕೇಬಲ್ ಆಫೀಸಿನ ಮೇಲಿನ ಒಂದು ಕೋಣೆ. ಒಂದು ನೀಲಿ ಪರದೆ, ಒಂದು ಮೇಜು, ಮದುವೆ ವಿಡಿಯೋ ತೆಗೆಯುವ ಕ್ಯಾಮೆರಾ. ಫ್ಯಾನಿನ ಸದ್ದು ಸೇರಿಕೊಳ್ಳುತ್ತದೆಂದು ಅದನ್ನು ಆರಿಸಿ ಓದಬೇಕಿತ್ತು. ಮೇಜಿನಿಂದ ಮೇಲಕ್ಕೆ ನಾನು ತೊಟ್ಟ ಇಸ್ತ್ರಿ ಅಂಗಿ ಕಾಣುತ್ತಿತ್ತು, ಕೆಳಗೆ ಲುಂಗಿ. ದಿಲ್ಲಿಯಲ್ಲಿ ಏನಾಯಿತೆಂದು ಸರ್ಕಾರದ ಟಿ.ವಿ. ಹೇಳುತ್ತಿತ್ತು. ನಾಳೆ ನಮ್ಮ ಬೀದಿಗೆ ನೀರು ಬಿಡುತ್ತಾರೋ ಇಲ್ಲವೋ ಎಂಬುದನ್ನು ನಾನು ಹೇಳಬೇಕಿತ್ತು. ಕರೆಂಟು ಯಾವ ಹೊತ್ತಿಗೆ ಹೋಗುತ್ತದೆ, ಯಾರು ತೀರಿಕೊಂಡರು, ಮಣ್ಣು ಎಷ್ಟು ಗಂಟೆಗೆ, ಯಾರ ಮನೆಯ ಮಗುವಿಗೆ ಇವತ್ತು ಹುಟ್ಟುಹಬ್ಬ, ಎಲ್ಲವೂ ನನ್ನ ಬಾಯಿಂದಲೇ. ದಾರಿಯಲ್ಲಿ ಹೆಂಗಸರು ತಡೆದು ನಿಲ್ಲಿಸಿ, "ಏನಣ್ಣ, ಆರು ಗಂಟೆಗೆ ನೀರು ಅಂದ್ಬಿಟ್ಟೆ, ಬಿಂದಿಗೆ ಇಟ್ಕೊಂಡು ಕಾದಿದ್ದೇ ಬಂತು" ಎಂದು ಬಯ್ಯುತ್ತಿದ್ದರು. ನಲ್ಲಿಯ ಕೀಲಿ ನನ್ನ ಜೇಬಿನಲ್ಲೇ ಇದೆಯೆನ್ನುವ ಹಾಗೆ. ಆ ಬೈಗುಳ ನನಗೆ ಸನ್ಮಾನದಂತಿತ್ತು.

ಎಲ್ಲರೂ ಕಾದು ನೋಡುತ್ತಿದ್ದದ್ದು ಕೊನೆಯಲ್ಲಿ ಬರುತ್ತಿದ್ದ ಕಾಣೆಯಾದವರ ಸುದ್ದಿ. ಫೋಟೋ ತೋರಿಸಿ ಚಹರೆ ಓದುತ್ತಿದ್ದೆ. ಸಿಕ್ಕರೆ, ಹುಡುಕಿಕೊಟ್ಟವರನ್ನು ಸ್ಟುಡಿಯೋಗೆ ಕರೆಸಿ ಶಾಲು ಹೊದಿಸುತ್ತಿದ್ದೆವು. ಟಿ.ವಿ.ಯಲ್ಲಿ ಶಾಲು ಹೊದ್ದವನಿಗೆ ಆ ವಾರವಿಡೀ ಟೀ ಅಂಗಡಿಯಲ್ಲಿ ದೊಡ್ಡ ಮರ್ಯಾದೆ. ಹಾಗಾಗಿ ಊರೆಲ್ಲ ಹುಡುಕುತ್ತಿತ್ತು.

ಒಂದು ತೊಡಕಿತ್ತು. ಕಾಣೆಯಾದವರು ಕಣ್ಣೆದುರು ನಿಂತಿದ್ದರೂ ಜನ ಮುಟ್ಟುತ್ತಿರಲಿಲ್ಲ. ಅವರ ಮನೆಯ ವಿಷಯ ನಮಗ್ಯಾಕೆ ಎನ್ನುತ್ತಿದ್ದರು. ಒಮ್ಮೆ, ನಿಜವಾಗಿಯೂ ಮರೆವಿನ ಕಾಯಿಲೆಯಿದ್ದ ಒಬ್ಬ ಅಜ್ಜನ ಬಗ್ಗೆ ಓದುವಾಗ, "ಇವರಿಗೆ ಬುದ್ಧಿ ಸ್ತಿಮಿತದಲ್ಲಿಲ್ಲ, ಏನು ಹೇಳಿದರೂ ನಂಬಬೇಡಿ, ಕಂಡವರು ಕೂರಿಸಿಕೊಂಡು ನಮಗೆ ಫೋನ್ ಮಾಡಿ" ಎಂದು ಸೇರಿಸಿದೆ. ಅಜ್ಜ ಅರ್ಧ ದಿನದಲ್ಲಿ ಸಿಕ್ಕಿದ. ಅಲ್ಲಿಂದ ಮುಂದೆ ಆ ಸಾಲನ್ನು ಎಲ್ಲರಿಗೂ ಓದತೊಡಗಿದೆ. ಪರೀಕ್ಷೆಯಲ್ಲಿ ಫೇಲಾಗಿ ಓಡಿಹೋದ ಹುಡುಗನಿಗೂ, ಸೊಸೆಯ ಮೇಲೆ ಮುನಿಸಿಕೊಂಡು ಹೊರಟ ಅತ್ತೆಗೂ ಅದೇ ಸಾಲು. ಮಾಲೀಕರು ನಗುತ್ತಿದ್ದರು: "ಗುರು, ನಾಳೆ ಎಮ್ಮೆ ಕಳ್ಕೊಂಡೋರು ಬಂದ್ರೆ ಅದಕ್ಕೂ ತಲೆ ಸರಿ ಇಲ್ಲ ಅಂತ ಓದ್ಬಿಡ್ತೀಯ ನೀನು." ನಾನೂ ನಗುತ್ತಿದ್ದೆ.

ಒಂದು ಸಂಜೆ ನಮ್ಮ ಪಕ್ಕದ ಬೀದಿಯ ಮಗ್ಗದ ಮನೆಯವರೊಬ್ಬರು ಮಗಳ ಫೋಟೋ ಹಿಡಿದು ಬಂದರು. ಹತ್ತೊಂಬತ್ತು ವರ್ಷದ ಹುಡುಗಿ. ಹಿಂದಿನ ದಿನ ಮಧ್ಯಾಹ್ನದಿಂದ ಇಲ್ಲ. ಅವಳನ್ನು ಸೋದರಮಾವನಿಗೆ ಕೊಡುವ ಮಾತಾಗಿತ್ತು. ಮಾವನಿಗೆ ಅವಳಿಗಿಂತ ಹದಿನಾರು ವರ್ಷ ಹೆಚ್ಚು, ಕುಡಿತ ಬೇರೆ. ಅವಳಿಗೆ ಇಷ್ಟವಿಲ್ಲವೆಂದು ಬೀದಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ಕೇಳಲಿಲ್ಲ. ಫೋಟೋ ಇಟ್ಟು ಓದಿದೆ, ಕೊನೆಗೆ ಆ ಸಾಲನ್ನೂ ಓದಿದೆ. ಕ್ಯಾಮೆರಾ ನಿಂತ ಮೇಲೆ ಮೂಲೆಯಲ್ಲಿ ಕೂತಿದ್ದ ಅಪ್ಪ ಗಾಬರಿಯಿಂದ ಎದ್ದರು.

"ಅಣ್ಣ, ಅವಳಿಗೆ ಹಂಗೇನಿಲ್ಲ. ಚೆನ್ನಾಗೇ ಅವಳೆ."

"ಇದು ಹಿಂಗೇ ಓದೋದು ಕಣಪ್ಪ. ಹುಡುಗಿ ಸಿಗ್ಬೇಕಾ, ಬೇಡ್ವಾ?"

ಅವರು ಮೆಟ್ಟಿಲಿಳಿದು ಹೋದರು. ಹೆತ್ತ ತಂದೆಯೇ ಬೇಡವೆಂದ ಮಾತನ್ನು ನಾನು ಅಳಿಸಲಿಲ್ಲ. ಅದೇ ಟೇಪು ಮರುದಿನ ಬೆಳಿಗ್ಗೆ ಮತ್ತೆ ಪ್ರಸಾರವಾಯಿತು. ಹುಡುಗಿ, ನಮ್ಮ ಕೇಬಲ್ ತಲುಪುತ್ತಿದ್ದ ಹತ್ತಿರದ ಊರು ದೊಡ್ಡಬೆಳವಂಗಲದ ಬಸ್ ಸ್ಟಾಪಿನಲ್ಲಿ ಸಿಕ್ಕಿದಳು.

ಸಂಜೆ ಅವಳನ್ನು ಸ್ಟುಡಿಯೋಗೆ ಕರೆತಂದರು. ಒಂದು ಕಡೆ ಅಪ್ಪ, ಇನ್ನೊಂದು ಕಡೆ ಅವಳನ್ನು ಹಿಡಿದುಕೊಟ್ಟ ಆ ಊರಿನವರೊಬ್ಬರು, ನಡುವೆ ತಲೆ ತಗ್ಗಿಸಿ ಅವಳು. ಹಿಡಿದುಕೊಟ್ಟವರಿಗೆ ಶಾಲು ಹೊದಿಸಿದೆ. ಊರವರ ಸಹಕಾರಕ್ಕೆ ಕೈ ಮುಗಿದೆ. ಎಲ್ಲರೂ ಮೆಟ್ಟಿಲಿಳಿಯುವಾಗ ಅವಳು ಬಾಗಿಲ ಹತ್ತಿರ ನಿಂತು ಮೆಲ್ಲಗೆ ಹೇಳಿದಳು: "ಅಣ್ಣ, ನಂಗೇನೂ ಆಗಿಲ್ಲ ಅಂತ ಒಂದ್ಸಲ ಓದ್ಬಿಡಿ."

"ಆಯ್ತು ಹೋಗಮ್ಮ, ಓದ್ತೀನಿ" ಎಂದೆ.

ಓದಲಿಲ್ಲ. ಮರುದಿನ ನೀರಿನ ಸುದ್ದಿ ಉದ್ದವಿತ್ತೋ, ಏನೋ. ಬೇಕೆಂದು ಬಿಟ್ಟೆನೆಂದು ಹೇಳಲಾರೆ. ಬೇಕಾಗಿಯೇ ಬಿಟ್ಟಿದ್ದರೆ ನೆನಪಾದರೂ ಉಳಿಯುತ್ತಿತ್ತು. ನನಗೆ ಅದು ಮರೆತೇಹೋಯಿತು.

ಹೋದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಮನೆಯ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ಕೂದಲು ಅರ್ಧ ನರೆತಿತ್ತು. ಗುರುತು ಸಿಗಲಿಲ್ಲ.

"ನಿಮ್ ಚಾನೆಲ್ಲಲ್ಲಿ ಬಂದಿದ್ದೆ" ಎಂದಳು.

ನಾನು ನಕ್ಕೆ. "ನಮ್ ಚಾನೆಲ್ಲಲ್ಲಿ ಬರದೋರು ಯಾರಮ್ಮ ಈ ಊರಲ್ಲಿ?"

"ನಾನು ಎರಡು ಸಲ ಬಂದೆ. ಒಂದ್ಸಲ ಕಾಣೆಯಾದೆ, ಒಂದ್ಸಲ ಸಿಕ್ಕಿದೆ."

ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಡಲು ನನಗೆ ಜಾಗ ಕಾಣಲಿಲ್ಲ. ಎದುರಿಗೇ ಜಗಲಿ ಇತ್ತು.

ಒಳಗೆ ಕರೆದೆ, ಬರಲಿಲ್ಲ. ಜಗಲಿಯ ಮೇಲೆ ಕೂತುಕೋ ಎಂದೆ, ಕೂರಲಿಲ್ಲ. ನಿಂತೇ ಹೇಳಿದಳು. ಹಿಡಿದು ತಂದ ವಾರದಲ್ಲೇ ಮಾವನ ಜೊತೆ ಮದುವೆಯಾಯಿತು. ಆ ಮನುಷ್ಯ ತೀರಿಕೊಂಡು ಆರು ವರ್ಷವಾಗಿದೆ. ಬದುಕಿದ್ದಷ್ಟು ದಿನವೂ ಇವಳು ಏನು ಎದುರಾಡಿದರೂ, "ಸುಮ್ನಿರೇ, ನಿನ್ ತಲೆ ಸರಿ ಇಲ್ಲ ಅಂತ ಟೀವೀಲೇ ಬಂದೈತೆ" ಎನ್ನುತ್ತಿದ್ದನಂತೆ. ಮನೆಗೆ ಬಂದವರ ಎದುರಿಗೂ. ತವರಿನಲ್ಲಿ ಆಸ್ತಿಯ ಮಾತು ಬಂದಾಗ ತಮ್ಮಂದಿರೂ ಅದನ್ನೇ ಅಂದರಂತೆ. ಅವಳು ಹೇಳುತ್ತಿದ್ದಳು, ನಾನು ಅವಳ ಪಾದದ ಕಡೆ ನೋಡುತ್ತಿದ್ದೆ. ನನ್ನ ಬಾಯಿಂದ ಬಂದ ಒಂದು ಸಾಲು ಒಂದು ಮನೆಯೊಳಗೆ ಇಷ್ಟು ವರ್ಷ ಅನ್ನ ತಿಂದು ಬದುಕಿದೆ ಎಂಬುದು ನನಗೆ ತಿಳಿದೇ ಇರಲಿಲ್ಲ.

"ಇಷ್ಟು ದಿನ ನಂಗೆ ಅಂದ್ರು, ಅನ್ನಿಸ್ಕೊಂಡೆ. ಈಗ ಮಗಳಿಗೆ ತಗಲಾಕ್ಕೊಂಡೈತೆ" ಎಂದಳು. ಮಗಳು ಬಿ.ಕಾಂ. ಮುಗಿಸಿ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದಾಳೆ. ದೊಡ್ಡಬೆಳವಂಗಲದ ಹುಡುಗ, ಅದೇ ಆಫೀಸಿನವನು. ಇಬ್ಬರಿಗೂ ಒಪ್ಪಿಗೆ. ಹೆಣ್ಣು ನೋಡಲು ಬಂದಾಗ ಹುಡುಗನ ದೊಡ್ಡಪ್ಪ ಇವಳ ಮುಖವನ್ನೇ ದಿಟ್ಟಿಸಿದರಂತೆ. ಮನೆಗೆ ಹೋಗಿ, ಆ ತಾಯಿ ಹುಚ್ಚಿ, ನಾನೇ ಹಿಡಿದುಕೊಟ್ಟಿದ್ದೆ, ರಕ್ತದಲ್ಲಿ ಬರುತ್ತೆ, ಬೇಡ ಎಂದರಂತೆ.

"ನಾನ್ ಹೇಳಿದ್ರೆ ನಂಬಲ್ಲ. ಹುಚ್ಚಿ ತಾನೆ. ನೀವು ಬಂದು ಹೇಳ್ಬೇಕು. ಬರ್ತೀರಾ?"

ಚಾನೆಲ್ ಇನ್ನೂ ಇದೆ. ಮಾಲೀಕರ ಮೊಮ್ಮಗ ಜಾಹೀರಾತು, ಹಾಡು ಹಾಕಿಕೊಂಡು ನಡೆಸುತ್ತಾನೆ. ಬೇಕಿದ್ದರೆ ಅದರಲ್ಲೇ ಓದುತ್ತೇನೆಂದೆ. "ಅವತ್ತು ಓದ್ತೀನಿ ಅಂದ್ರಿ" ಎಂದಳು, ಅಷ್ಟೇ. ಅಂಗಿ ಹಾಕಿಕೊಂಡು ಹೊರಟೆ.

ಹುಡುಗನ ಮನೆಯಲ್ಲಿ ದೊಡ್ಡಪ್ಪ ನನ್ನನ್ನು ಕಂಡದ್ದೇ ಎದ್ದು ನಿಂತರು. "ಬನ್ನಿ ಬನ್ನಿ! ಏಯ್, ನೋಡ್ರೋ ಯಾರು ಬಂದವ್ರೆ! ನಂಗೆ ಶಾಲು ಹೊದ್ಸಿದ್ ಮೇಷ್ಟ್ರು!" ಹುಡುಗನ ತಾಯಿ ನೀರು ತಂದುಕೊಟ್ಟರು. ನನ್ನ ಹಿಂದೆ ಅವಳು ಹೊಸಿಲ ಹೊರಗೇ ನಿಂತದ್ದನ್ನು ಕಂಡು ದೊಡ್ಡಪ್ಪನ ಮುಖ ಬಿಗಿಯಿತು. ದನಿ ತಗ್ಗಿಸಿ, "ಓಹೋ, ಇದಾ ಸಮಾಚಾರ?" ಎಂದರು.

ಕೂರುವ ಮೊದಲೇ ಹೇಳಿಬಿಟ್ಟೆ. ಆ ಸಾಲು ನಾನು ಸೇರಿಸಿದ್ದು. ಅವಳಿಗೆ ಯಾವತ್ತೂ ಏನೂ ಆಗಿರಲಿಲ್ಲ. ಅವರಪ್ಪನೇ ಬೇಡವೆಂದಿದ್ದರು. ಎಲ್ಲರಿಗೂ ಅದನ್ನೇ ಓದುತ್ತಿದ್ದೆ.

"ಅಲ್ಲ ಸ್ವಾಮಿ" ಎಂದರು ಅವರು, "ಟೀವೀಲಿ ಹೇಳಿದ್ದೂ ನೀವೇ, ಈಗ ಹೇಳ್ತಿರೋದೂ ನೀವೇ. ಯಾವುದನ್ನ ನಂಬೋದು? ಆಗ ಸುಳ್ಳು ಹೇಳಿದ್ರಾ, ಈಗ ಹೇಳ್ತಿದ್ದೀರಾ?"

"ಆಗ."

"ಹಂಗಾದ್ರೆ ನಂಗೆ ಶಾಲು ಯಾಕೆ ಹೊದ್ಸಿದ್ರಿ?"

ಆಗ ಅವರು ಆ ಬೆಳಗಿನ ಕಥೆ ಶುರು ಮಾಡಿದರು. ಎಷ್ಟೋ ಸಲ ಹೇಳಿ ಪಳಗಿದ ಕಥೆಯೆಂದು ಕೇಳಿದರೇ ತಿಳಿಯುತ್ತಿತ್ತು. ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದರಂತೆ. ಟಿ.ವಿ.ಯಲ್ಲಿ ಫೋಟೋ ಬಂತು, ಕತ್ತು ತಿರುಗಿಸಿದರೆ ಅದೇ ಹುಡುಗಿ ಆಚೆ ಬಸ್ಸಿಗೆ ಕಾಯುತ್ತಾ, ಒಳಗಿನ ಟಿ.ವಿ.ಯನ್ನೇ ನೋಡುತ್ತಾ ಕಲ್ಲಿನಂತೆ ನಿಂತಿದ್ದಳಂತೆ. "ಎಂಜಲು ಕೈಯಲ್ಲೇ ಓಡಿ ರಟ್ಟೆ ಹಿಡ್ಕೊಂಡೆ. ಬೆಂಚಿನ ಮೇಲೆ ಕೂರ್ಸಿದೆ. ಏನ್ ಮಾತು ಅಂತೀರಿ! ಅಣ್ಣಾ, ನಂಗೇನೂ ಆಗಿಲ್ಲ, ಬೇಕಾದ್ರೆ ಕೇಳಿ ಅಂತ ಹದಿನೇಳರ ಮಗ್ಗಿ ಒಪ್ಪಿಸಿದ್ಲು! ಅವರಪ್ಪನ ಹೆಸ್ರು, ಬೀದಿ, ಸ್ಕೂಲು, ಪಾಸಾದ ಮಾರ್ಕ್ಸು... ನಾವೆಲ್ಲ ಬಿದ್ದು ಬಿದ್ದು..."

ನಗಲು ತೆರೆದ ಬಾಯಿ ಅಲ್ಲೇ ನಿಂತಿತು. ಇಷ್ಟು ವರ್ಷ ಎಲ್ಲರೂ ನಗುತ್ತಿದ್ದ ಜಾಗ ಅದು. ಅಲ್ಲಿಗೆ ಬಂದಾಗ ಮಾತು ಅವರ ಕಿವಿಗೇ ಬಿತ್ತೇನೋ.

"ಮಗ್ಗಿ ಸರಿಯಾಗಿತ್ತಾ ಭಾವ?" ಎಂದು ಹುಡುಗನ ತಾಯಿ ಕೇಳಿದರು.

ಅವರು ಹೆಗಲ ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು. "ನೂರಾ ಎಪ್ಪತ್ತರವರೆಗೂ ಸರಿಯಾಗೇ ಹೇಳಿದ್ಲು" ಎಂದರು. "ಹುಚ್ಚರು ಹಿಂಗೇ ಅಂತ ಅಂದ್ಕೊಂಡೆ. ಏನ್ ಹೇಳಿದ್ರೂ ನಂಬಬೇಡಿ ಅಂತ ಟೀವೀಲಿ ಹೇಳಿದ್ರಲ್ಲ."

ಆಮೇಲೆ ಬಾಗಿಲ ಕಡೆ ನೋಡಿದರು. "ಒಳಗ್ ಬಾರವ್ವ. ಕೂತ್ಕೊ."

"ನಿಂತೇ ಇರ್ತೀನಿ" ಎಂದಳು ಅವಳು. "ಅವತ್ತು ಕೂರ್ಸಿದ್ರಲ್ಲ, ಸಾಕು."

ಆ ಮಾತಿನಲ್ಲಿ ಕೋಪವಿರಲಿಲ್ಲ. ಹುಡುಗನ ತಾಯಿ ಎದ್ದು ಹೊಸಿಲ ಹತ್ತಿರ ಹೋಗಿ ಅವಳ ಕೈ ಹಿಡಿದುಕೊಂಡರು. ದೊಡ್ಡಪ್ಪ ನನ್ನತ್ತ ನೋಡದೆಯೇ, "ಹುಡುಗ್ರು ಒಪ್ಪವ್ರೆ. ನಾನ್ ಆಡಿದ್ ಮಾತು ನಾನೇ ವಾಪಸ್ ತಗೊಂಡೆ. ನಾಳಿದ್ದು ಬಂದು ಎಲೆ ಅಡಿಕೆ ಬದಲಾಯಿಸ್ಕೊಂಡು ಹೋಗ್ತೀವಿ" ಎಂದರು. ನಮ್ಮನ್ನು ಕಳುಹಿಸಲು ಅವರು ಹೊರಗೆ ಬರಲಿಲ್ಲ.

ವಾಪಸ್ ಬಸ್ಸಿಗೆ ಕಾಯುವುದಕ್ಕೆ ಇದ್ದದ್ದು ಅದೇ ಸ್ಟಾಪು. ಹೋಟೆಲಿದ್ದ ಕಡೆ ಈಗ ಮೊಬೈಲ್ ಅಂಗಡಿ. ಅವಳು ಒಂದು ಜಾಗ ತೋರಿಸಿ, "ಬೆಂಚು ಇಲ್ಲಿತ್ತು" ಎಂದಳು. ಏನಾದರೂ ಮಾತಾಡಬೇಕೆಂದು ನಾನು, "ಅವತ್ತು ಬಸ್ ಸಿಕ್ಕಿದ್ರೆ ಎಲ್ಲಿಗಮ್ಮ ಹೋಗ್ತಿದ್ದೆ?" ಎಂದು ಕೇಳಿದೆ. ಯಾರನ್ನೋ ನಂಬಿ ಹೊರಟಿದ್ದಳೆಂದೇ ಊರೆಲ್ಲ ಅಂದುಕೊಂಡಿತ್ತು, ನಾನೂ ಅಂದುಕೊಂಡಿದ್ದೆ.

"ನೆಲಮಂಗಲಕ್ಕೆ. ಹೆಣ್ಮಕ್ಕಳಿಗೆ ಹೊಲಿಗೆ ಕಲಿಸ್ತಾರೆ, ಊಟ, ಇರೋಕೆ ಜಾಗ ಅಲ್ಲೇ ಅಂತ ಬಂದಿತ್ತಲ್ಲ. ನಮ್ಮೂರ ಬಸ್ ಸ್ಟ್ಯಾಂಡಲ್ಲಿ ಗುರುತು ಹಿಡೀತಾರೆ ಅಂತ ಇಲ್ಲಿ ಸ್ನೇಹಿತೆ ಮನೇಲಿ ಎರಡು ರಾತ್ರಿ ಇದ್ದು ಹೊರಟಿದ್ದೆ."

"ಎಲ್ಲಿ ಬಂದಿತ್ತು?"

ಅವಳು ನನ್ನನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದೇನೆಂದು ಅನುಮಾನ ಬಂದಂತಿತ್ತು.

"ನಿಮ್ ಚಾನೆಲ್ಲಲ್ಲೇ. ನೀವೇ ಓದಿದ್ರಲ್ಲಣ್ಣ. ನೀವು ಓದಿದ್ದು ಅಂದ್ಮೇಲೆ ನಿಜ ಇರುತ್ತೆ ಅಂತ ಹೊರಟೆ."

ಬಸ್ಸು ಬಂತು. ಅವಳು ಮುಂದಿನ ಬಾಗಿಲಲ್ಲಿ ಹತ್ತಿ ಕೂತಳು. ನಾನು ಹಿಂದಿನಿಂದ ಹತ್ತಿದೆ. ಸೀಟುಗಳು ಖಾಲಿಯಿದ್ದವು, ಕೂರಲಾಗಲಿಲ್ಲ. ಕಂಬಿ ಹಿಡಿದುಕೊಂಡು ಊರು ಬರುವವರೆಗೂ ಅವಳ ನರೆತ ತಲೆಯ ಹಿಂಭಾಗವನ್ನೇ ನೋಡುತ್ತಾ ನಿಂತಿದ್ದೆ.