ರಾಜನ ಕೆನ್ನೆಯ ಮೇಲಿನ ಮುದ್ರೆ

ಕಾಕನ ಬಲಗೈ ಹೆಬ್ಬೆರಳು ಕಪ್ಪಗಿತ್ತು. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದ ಬೆಳ್ಳಿಯ ಕಪ್ಪು. ಕುವೈತಿನ ಫಹಾಹೀಲ್ ಮಾರುಕಟ್ಟೆಯ ಮೂಲೆಯಲ್ಲಿ ಅವರದೊಂದು ಹಳೆಬೆಳ್ಳಿಯ ಅಂಗಡಿ. ಯಾರು ಯಾವ ನಾಣ್ಯ ತಂದರೂ ಮೊದಲು ಆ ಬೆರಳಿನಿಂದ ಉಜ್ಜುವರು, ಕನ್ನಡಕ ಹಾಕುವುದು ಆಮೇಲೆ. ಕಾಕ ನಮ್ಮ ಕರಾವಳಿಯ ಬ್ಯಾರಿಗಳು. ಅವರು ಕುವೈತಿಗೆ ಬಂದ ಕಾಲದಲ್ಲಿ ಇಲ್ಲಿ ಇಂಡಿಯಾದ ರೂಪಾಯಿಯೇ ನಡೆಯುತ್ತಿತ್ತಂತೆ.

ಗಾಜಿನ ಪೆಟ್ಟಿಗೆಯಲ್ಲಿ ಬ್ರಿಟಿಷರ ಕಾಲದ ಒಂದು ಬೆಳ್ಳಿ ರೂಪಾಯಿ ಇತ್ತು. ಅದರಲ್ಲಿದ್ದ ರಾಜನ ಕೆನ್ನೆಯ ಮೇಲೆ ಅರಬಿಯ ಪುಟ್ಟ ಮುದ್ರೆ. ನನಗೆ ಅದರ ಮೇಲೆ ಕಣ್ಣು.

"ಎಂತ ಕಾಕ, ರಾಜನ ಮುಖಕ್ಕೇ ಗುದ್ದಿದ್ದಾರಲ್ಲ?"

"ನಜ್ದ್‌ನ ಸುಲ್ತಾನರು ಹೊಡೆಸಿದ್ದು ತಂಗೀ, ಈಗ ಅದು ಸೌದಿ. ಪರರ ನಾಣ್ಯ ನಮ್ಮಲ್ಲೂ ನಡೀತದೆ ಅಂತ ಗುರ್ತು. ಇದು ಮಾರ್ಲಿಕ್ಕಿಲ್ಲ."

ನಾನು ಬಿಡುತ್ತಿರಲಿಲ್ಲ, ಅವರು ಕೊಡುತ್ತಿರಲಿಲ್ಲ. ನಾಣ್ಯಕ್ಕೆ ತೂತು ಹೊಡೆಸಿ ಸರಕ್ಕೆ ಪೋಣಿಸಲು ಬರುವವರನ್ನಂತೂ ಅವರು ಬೈದೇ ಕಳಿಸುತ್ತಿದ್ದರು. "ತೂತು ಬಿದ್ರೆ ಅದರ ಜೀವ ಹೋಯ್ತು" ಎನ್ನುವರು.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಕುವೈತಿ ದಿನಾರಿಗೂ ಇರಾಕಿ ದಿನಾರಿಗೂ ಒಂದೇ ಬೆಲೆ ಎಂದು ಆಜ್ಞೆಯಾಯಿತು. ಆಮೇಲೆ ಕುವೈತಿ ನೋಟು ನಡೆಯುವುದೇ ಇಲ್ಲ ಎಂದರು. ನಮ್ಮ ಉಳಿತಾಯವೆಲ್ಲ ಬರೀ ಕಾಗದವಾಯಿತು. ಜೋರ್ಡನ್ ಕಡೆಗೆ ಹೊರಟ ಬಸ್ಸೊಂದರಲ್ಲಿ ನಮಗೂ ಜಾಗ ಸಿಕ್ಕಿತು. ಮಗಳಿನ್ನೂ ಅಂಬೆಗಾಲಿಡುವ ಕೂಸು. ಕಾಕನಿಗೆ ಹೇಳಿ ಹೋಗೋಣವೆಂದು ಅಂಗಡಿಗೆ ಹೋದೆವು.

"ನೀವೂ ಬನ್ನಿ ಕಾಕ" ಎಂದರು ನನ್ನ ಗಂಡ.

"ಅಂಗಡಿ ಬಿಟ್ಟು ಎಲ್ಲಿಗೆ ಹೋಗುದು?"

ಅಷ್ಟು ಹೇಳಿ ಅವರು ಗಾಜಿನ ಪೆಟ್ಟಿಗೆ ತೆರೆದರು. ಆ ರೂಪಾಯಿಯನ್ನು ಮರದ ತುಂಡಿನ ಮೇಲಿಟ್ಟು ತಾವೇ ತೂತು ಕೊರೆದರು. ಮಗಳ ಉಡಿದಾರಕ್ಕೆ ಪೋಣಿಸಿದರು.

"ಊರಲ್ಲಿ ಮಕ್ಕಳ ಸೊಂಟಕ್ಕೆ ಬೆಳ್ಳಿ ಕಟ್ತಾರಲ್ಲ, ಹಾಗೆ. ತಾಯತ ಅಂತ ಯಾರೂ ಮುಟ್ಲಿಕ್ಕಿಲ್ಲ. ಮಾರಿದ್ದಲ್ಲ ಮತ್ತೆ, ವಾಪಸು ತಂದು ಕೊಡ್ಬೇಕು."

ದಾರಿಯಲ್ಲಿ ತಪಾಸಣೆಯ ಸೈನಿಕರು ನನ್ನ ಬಳೆ ಬಿಚ್ಚಿಸಿಕೊಂಡರು. ಮಗುವಿನ ಸೊಂಟ ನೋಡಿ ಸುಮ್ಮನಾದರು.

ಜೋರ್ಡನ್ ಗಡಿಯ ಮರಳಿನಲ್ಲಿ ದಿನಗಟ್ಟಲೆ ಕಾದೆವು. ನನ್ನ ಎದೆಹಾಲು ಬತ್ತಿತ್ತು. ಮಗಳು ಅಳುವುದನ್ನೂ ನಿಲ್ಲಿಸಿದಳು. ಆ ಮೌನಕ್ಕೆ ನಾನು ಹೆದರಿಹೋದೆ. ಹಾಲಿನ ಪುಡಿಯ ಡಬ್ಬಿಗಳನ್ನು ಮಾರುತ್ತಿದ್ದ ಮುದುಕನೊಬ್ಬ ನಮ್ಮ ನೋಟು ಕಂಡು ಬೇಡವೆಂದು ತಲೆಯಾಡಿಸಿದ. ಉಡಿದಾರ ಬಿಚ್ಚಿ ರೂಪಾಯಿಯನ್ನು ಅವನ ಮುಂದೆ ಹಿಡಿದೆ. ಅವನು ಹೆಬ್ಬೆರಳಿನಿಂದ ಆ ಮುದ್ರೆಯನ್ನು ಉಜ್ಜಿದ. ಥೇಟ್ ಕಾಕನ ಹಾಗೆಯೇ. "ನಜ್ದ್" ಎಂದು ಮೆಲ್ಲನೆ ಓದಿಕೊಂಡು ಎರಡು ಡಬ್ಬಿ ಕೊಟ್ಟ.

ಇರಾಕಿನ ಸೈನ್ಯ ತೊಲಗಿದ ಮೇಲೆ, ಮರುವರ್ಷದ ಕೊನೆಗೆ ಕುವೈತಿಗೆ ಮರಳಿದೆವು. ಮನೆಗೆ ಹೋಗುವ ಮೊದಲೇ ಫಹಾಹೀಲ್‌ಗೆ ಹೋದೆ. ಸಕ್ಕರೆ ಕಾಯಿಲೆಗೆ ಔಷಧಿ ಸಿಗದೆ ಕಾಕ ನಾವು ಹೋದ ವರ್ಷದ ಚಳಿಗಾಲದಲ್ಲೇ ತೀರಿಕೊಂಡರೆಂದು ಪಕ್ಕದ ಅಂಗಡಿಯ ದರ್ಜಿ ಹೇಳಿದ.

ನಾಣ್ಯ ತಂದಿಲ್ಲ ಕಾಕ, ಮಗಳನ್ನು ತಂದಿದ್ದೇನೆ. ದಾರಿಯುದ್ದಕ್ಕೂ ಇಷ್ಟನ್ನೇ ಹೇಳಿಕೊಂಡು ಬಂದಿದ್ದೆ. ಮುಚ್ಚಿದ ಶಟರಿನ ಮುಂದೆ ಮಗಳು ನನ್ನ ಕೈಬಿಡಿಸಿಕೊಂಡು ಓಡಾಡತೊಡಗಿದಳು.