ಬೆನ್ನ ಮೇಲಿನ ಹೆಸರು

ರಾಯಚೂರಿನ ಹತ್ತಿ ಗಿರಣಿಯ ಸಾಹುಕಾರರು ಒಂದು ಖೋ ಖೋ ತಂಡ ಕಟ್ಟಿ, ಆಟಗಾರರ ಬನಿಯನ್ ಮೇಲೆ ತಮ್ಮ ಹೆಸರು ಹೊಲಿಯುವ ಕೆಲಸ ನನಗೆ ಕೊಟ್ಟಿದ್ದರು. ಮುನಿಸಿಪಾಲಿಟಿ ಚುನಾವಣೆಗೆ ನಿಲ್ಲುವ ಆಸೆ ಅವರಿಗೆ.

"ಎದಿ ಮ್ಯಾಲ ದೊಡ್ಡದಾಗಿ ಇರ್ಲವ್ವಾ," ಎಂದರು.

"ಖೋ ಖೋದಾಗ ಅರ್ಧ ಮಂದಿ ನಮಗ ಬೆನ್ನು ತೋರಿಸೇ ಕೂಡ್ತಾರ್ರೀ."

"ಹಂಗಾದ್ರ ಎರಡೂ ಕಡಿ ಹೊಲಿ. ವ್ಯಾಪಾರ ಮಾಡೋನು ಯಾವ ಕಡಿಯಿಂದ ನೋಡಿದ್ರೂ ಕಾಣ್ಬೇಕು. ನಿನಗ ಈ ಆಟ ಹ್ಯಾಂಗ ಗೊತ್ತು?"

"ಮಾನ್ವಿ ಸಾಲ್ಯಾಗ ಹತ್ತನೇತ್ತ ಮುಗಿಯೋ ತನಕ ಆಡೀನ್ರಿ. ಹೆಣ್ಮಕ್ಕಳ ತಂಡನೂ ಕಟ್ರಿ, ನಾ ಬರ್ತೀನಿ."

ಅವರು ನನ್ನ ತೊಡೆಯ ಮೇಲಿದ್ದ ಕೂಸನ್ನು ನೋಡಿ ನಕ್ಕರು. "ನೀವು ಹೆಣ್ಮಕ್ಕಳು ಬಂದು ಚಪ್ಪಾಳಿ ಹೊಡೀರಿ, ಸಾಕು."

"ಚಪ್ಪಾಳಿಗೆ ಕೈ ಖಾಲಿ ಇರಬೇಕಲ್ರೀ, ಸಾವ್ಕಾರ್ರ," ಎಂದೆ.

ಆದರೂ ಪಂದ್ಯದ ದಿನ ಕೂಸನ್ನು ಎತ್ತಿಕೊಂಡು ಹೋಗಿ ಹಗ್ಗದ ಪಕ್ಕ ಕೂತೆ. ಯಾರೋ 'ಖೋ' ಎಂದಾಗ ನನ್ನ ಬೆನ್ನಿಗೇ ಕೈ ತಾಗಿದಂತಾಗಿ ಅರ್ಧ ಎದ್ದುಬಿಟ್ಟೆ. ಕೂಸು ಬೆಚ್ಚಿ ಅತ್ತಿತು. ಮತ್ತೆ ಕೂತೆ. ಎದುರಿಗೆ ಸಾಹುಕಾರರೂ ಕುರ್ಚಿಯಲ್ಲಿ ಕೂತೇ ಇದ್ದರು. ಅವರ ಹೆಸರಾದರೂ ಓಡುತ್ತಿತ್ತು.